ನಕ್ಷೆಯಲ್ಲಿ ಬಿಳಿಯಾಗಿ ಉಳಿದ ಕೇರಿ

ಮನೆಗಣತಿ ಬಂದರೆ ಶಾಲೆಯ ಮಾಸ್ತರು, ಅಕ್ಕೋರನ್ನೇ ಯಾಕೆ ಹಿಡಿಯುತ್ತಾರೋ ಎಂದು ನಾನು ಆಗ ದಿನಾ ಗೊಣಗುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹೊನ್ನಾವರದ ನಮ್ಮ ಓಣಿ ಮತ್ತು ಕಾಸರಕೋಡಿನ ಸಮುದ್ರದಂಚಿನ ಒಂದು ಕೇರಿ ನನ್ನ ಪಾಲಿಗೆ ಬಂದಿದ್ದವು. ಮಾಡು ಹೆಂಚಿನದೋ ಹುಲ್ಲಿನದೋ, ಕೋಣೆ ಎಷ್ಟು, ನೀರು ಎಲ್ಲಿಂದ, ದುಡಿಮೆ ಏನು ಎಂದು ಕೇಳಿ ಫಾರ್ಮು ತುಂಬಬೇಕು. ಏಪ್ರಿಲ್ ಬಿಸಿಲಿಗೆ ಮರಳೂ ಕಾದಿತ್ತು, ನನ್ನ ತಲೆಯೂ ಕಾದಿತ್ತು.

ಆ ಕೇರಿಯಲ್ಲಿ ನನಗೆ ಗುರುತಿದ್ದವಳು ಒಬ್ಬಳೇ, ನಮ್ಮ ಮನೆಗೆ ಮೀನು ತರುತ್ತಿದ್ದ ಮುದುಕಿ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನನ್ನನ್ನು ಕಂಡದ್ದೇ ಒಳಗೆ ಕರೆದು, ಚಾಪೆ ಹಾಸಿ, ಚಾ ಕಾಸಿ ಕೊಟ್ಟಳು. ನಾನು ಪೆನ್ನು ತೆಗೆದು, ಮನೆ ಯಾವ ನಮೂನೆಯದು ಎಂದು ಬರೆಯಲಿ ಎಂದು ಕೇಳಿದೆ.

"ಇದೆಂತ ಮನೆ ಅಕ್ಕೋರೇ? ಮೀನ್ ಒಣಗ್ಸು ಚಪ್ಪರ" ಎಂದು ನಕ್ಕಳು.

ಫಾರ್ಮಿನಲ್ಲಿ 'ವಾಸದ ಮನೆಯಲ್ಲ' ಎಂಬ ಚೌಕವಿತ್ತು. ಅದಕ್ಕೆ ಗುರುತು ಹಾಕಿದರೆ ಉಳಿದ ಪುಟಗಳನ್ನು ತುಂಬುವ ರಗಳೆಯಿಲ್ಲ. ಹಾಕಿದೆ. ಮುಂದಿನ ಬಾಗಿಲಲ್ಲೂ ಅದೇ ಮಾತು, ಅದರಾಚೆಯದರಲ್ಲೂ ಅದೇ. ನೆಂಟರಿಗೆ ಎಲೆ ತುಂಬ ಬಡಿಸಿ, ಎಂತದೂ ಮಾಡಲಿಲ್ಲ ಎಂದು ಹೇಳುವ ಜನ ನಾವು. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಅವರು ಹೇಳಿದ್ದನ್ನೇ ಬರೆದುಕೊಂಡು, ಮಧ್ಯಾಹ್ನದ ಊಟದೊಳಗೆ ಇಡೀ ಕೇರಿ ಮುಗಿಸಿ ಬಂದೆ.

ಮರುವರ್ಷದ ಮಳೆಗಾಲದಲ್ಲಿ ಗಾಳಿಗೆ ಮುದುಕಿಯ ಮಾಡು ಅರ್ಧ ಹಾರಿಹೋಯಿತು. ಸರಕಾರದಿಂದ ಮನೆ ಸಿಗುತ್ತದೆ ಎಂದು ಕೇಳಿ ಅರ್ಜಿ ಹಾಕಿದಳು. ಬರೆದುಕೊಟ್ಟವಳು ನಾನೇ. ಖಂಡಿತ ಸಿಗುತ್ತದೆ ಎಂದು ಧೈರ್ಯವನ್ನೂ ಹೇಳಿದ್ದೆ.

ಆ ಮಳೆಗಾಲ ಕಳೆದು ಮುಂದಿನ ಬೇಸಿಗೆಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾದ ಗಣತಿದಾರರನ್ನೆಲ್ಲ ಕುಮಟಾದ ಒಂದು ಸಭಾಂಗಣಕ್ಕೆ ಕರೆಸಿದರು. ಗೋಡೆಯ ಮೇಲೆ ಕಂಪ್ಯೂಟರಿನ ನಕ್ಷೆ ಮೂಡಿತು. ತಾರಸಿ ಮನೆಗೆ ಹಸಿರು, ಹೆಂಚಿನದಕ್ಕೆ ಹಳದಿ, ಗುಡಿಸಲಿಗೆ ಕೆಂಪು. ಊರಿನ ಮೇಲೆ ಮೌಸ್ ಒತ್ತಿದರೆ ಕೇರಿ ದೊಡ್ಡದಾಗಿ ಕಾಣಿಸುತ್ತಿತ್ತು. ಪಕ್ಕದಲ್ಲಿ ದುಡಿಮೆಯದೊಂದು, ನೀರಿನದೊಂದು ಬಣ್ಣದ ಕಂಬ ಏಳುತ್ತಿತ್ತು. ಮತ್ತೊಮ್ಮೆ ಒತ್ತಿದರೆ ಒಂದೊಂದೇ ಮನೆ. ಇನ್ನು ಮನೆ ಮಂಜೂರಿ ಇದನ್ನು ನೋಡಿಯೇ ಎಂದರು ಅಧಿಕಾರಿ.

ನಾನು ಉತ್ಸಾಹದಿಂದ ಎದ್ದುಹೋಗಿ ಮೊದಲು ನಮ್ಮ ಮನೆ ಹುಡುಕಿದೆ. ಹಸಿರು, ಕೋಣೆ ನಾಲ್ಕು. ನಮಗಿದ್ದದ್ದು ಮೂರೇ. ನಾಲ್ಕನೆಯದಕ್ಕೆ ಬರೀ ತಳಪಾಯ ಹಾಕಿದ್ದೆವು, ಹೇಗೂ ಏಳುತ್ತದಲ್ಲ ಎಂದು ಸೇರಿಸಿ ಬರೆದಿದ್ದೆ. ಆ ತಳಪಾಯದ ಮೇಲೆ ಈಗಲೂ ನಮ್ಮ ಬಸಳೆ ಹಬ್ಬಿತ್ತು.

ಒಳಗೊಳಗೇ ನಗುತ್ತ ಕಾಸರಕೋಡ ಒತ್ತಿದೆ. ನನ್ನ ಕೇರಿ ಇರಬೇಕಾದ ಜಾಗ ಬಿಳಿಯಾಗಿತ್ತು. ಕೆಂಪಾದರೂ ಇರಬೇಕಿತ್ತಲ್ಲ ಎಂದು ಮತ್ತೆ ಒತ್ತಿದೆ. ಒಂದು ಕಂಬವೂ ಏಳಲಿಲ್ಲ. 'ವಾಸದ ಮನೆ ಇಲ್ಲ' ಎಂಬ ಅಕ್ಷರ ಬಂತು. ಯಂತ್ರ ಕೆಟ್ಟಿದೆ ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡೆ. ಅಕ್ಷರದ ಕೆಳಗೆ ನನ್ನದೇ ಗಣತಿ ನಂಬರಿತ್ತು. ಕಟ್ಟದ ಕೋಣೆಯನ್ನು ಕಟ್ಟಿಸಿದ ಕೈಯೇ ಅಷ್ಟು ಮನೆಗಳನ್ನು ಅಳಿಸಿಹಾಕಿತ್ತು.

ಅಧಿಕಾರಿಯ ಬಳಿ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಈ ಸಲದ ಪಟ್ಟಿ ಹೋಗಿ ಆತು. ತಿದ್ದುಪಡಿ ಬರ್ದು ಕೊಡಿ, ಬರೋ ವರ್ಷ ನೋಡುವ" ಎಂದರು. ಮಳೆಗೆ ಇನ್ನು ಒಂದು ತಿಂಗಳಿತ್ತು.

ಮರುದಿನ ಬೆಳಿಗ್ಗೆ ಮುದುಕಿ ಮೀನಿನ ಬುಟ್ಟಿಯನ್ನು ನಮ್ಮ ಮೆಟ್ಟಿಲ ಮೇಲೆ ಇಳಿಸಿ, "ನಮ್ ಹೆಸ್ರು ಬಂತಾ ಅಕ್ಕೋರೇ?" ಎಂದು ಕೇಳಿದಳು.

ಬರಲಿಲ್ಲ ಎಂದೆ. ಯಾಕೆ ಬರಲಿಲ್ಲ ಎಂಬುದನ್ನೂ ಹೇಳಿದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ನಾಚಿಕೆಗೆಟ್ಟು, "ಮನೆ ಅಲ್ಲ, ಚಪ್ಪರ ಅಂತ ನೀನೇ ಹೇಳಿದ್ಯಲ" ಎಂದೂ ಸೇರಿಸಿದೆ.

ಅವಳು ಬುಟ್ಟಿಯ ಮೇಲಿನ ಎಲೆ ಸರಿಸಿದಳು, ಮತ್ತೆ ಮುಚ್ಚಿದಳು.

"ನಾ ಹೇಳದ್ದು ಹೌದು" ಎಂದಳು. "ನೀವು ಒಳಗೇ ಕುಂತ್ಕಂಡು ಚಾ ಕುಡದ್ರಲ ಅಕ್ಕೋರೇ."