ಲಿಂಬೆಗಿಡದ ಕೆಳಗಿನ ಕುರ್ಚಿ

ಬೀಗರು ಅಂಗಳಕ್ಕೆ ಬಂದದ್ದನ್ನು ಕಂಡು ಉಳವಪ್ಪ ಫೋನು ಹಿಡಿದೇ ಎದ್ದರು. ಧೋತರಕ್ಕೆ ಅಂಟಿದ ಪ್ಲಾಸ್ಟಿಕ್ ಕುರ್ಚಿಯೂ ಮರ್ಯಾದೆಗೆ ಎದ್ದಿತು. ಮೇಲಿನ ಲಿಂಬೆಗಿಡದ ರಸ ಹೀರಿದ ಶಲ್ಕ ಎಂಬ ಚಿಪ್ಪುಹುಳಗಳು ಕುರ್ಚಿಯ ಮೇಲೆಲ್ಲ ಅಂಟು ಸುರಿಸಿದ್ದವು.

“ಇವತ್ತ ಕುರ್ಚಿ ಎದ್ದೈತಿ, ನಾಳೆ ಧೋತ್ರ ಬಿಚ್ಚೀತು. ಗಿಡಾ ಕಡೀರಿ,” ಹೆಂಡತಿ ಸಿದ್ದಕ್ಕ ರೇಗಿದರು.

“ಒಂದು ತಿಂಗಳು ತಡಿ. ಗಿಡ ಅಲ್ಲ, ಹುಳಾನ ತಗೀತೇನಿ.”

ಚಿಪ್ಪು ಹೊದ್ದ ಹುಳಕ್ಕೆ ಔಷಧ ನಾಟದು. ಚಿಪ್ಪಿಲ್ಲದ ಮರಿಗಳು ಹರಿದಾಡುವಾಗಲೇ ಹೊಡೆಯಬೇಕು. ಉಳವಪ್ಪ ಟೊಂಗೆಗೆ ಅಂಟುಪಟ್ಟಿ ಸುತ್ತಿ, ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಕಾದರು. ಹನ್ನೊಂದನೆಯ ದಿನ ಪಟ್ಟಿಗೆ ಹಳದಿ ಚುಕ್ಕೆಯಂಥ ಮರಿಗಳು ಸಿಕ್ಕಿಬಿದ್ದವು. ಅಂದೇ ಬೇವಿನೆಣ್ಣೆ ಬೆರೆಸಿದ ಸಾಬೂನು ನೀರು ಸಿಂಪಡಿಸಿದರು; ಹತ್ತು ದಿನ ಬಿಟ್ಟು ಮತ್ತೊಮ್ಮೆ.

ತಿಂಗಳ ಕೊನೆಗೆ ಚಿಗುರು ಸ್ವಚ್ಛವಾಗಿತ್ತು. ಮತ್ತೆ ಬಂದ ಬೀಗರು ಬೆರಗಾದರು: “ಲಿಂಬಿಹಣ್ಣಂದ್ರ ನಿಮಗ ಅಷ್ಟು ಜೀವ ಏನ್ರಿ?”

“ಹುಳಿ ನನಗ ಆಗಂಗೇ ಇಲ್ರಿ. ನಮ್ಮೂರು ಕುಂಬಾರವಾಡದಾಗ ನನ್ನ ಫೋನಿಗೆ ಸಿಗ್ನಲ್ ಸಿಗೂದು ಈ ಗಿಡದ ಬುಡಕ್ಕ ಅಷ್ಟ.”