ಎರಡು ಕೇಬಲ್, ಒಂದು ಮುಹೂರ್ತ

ನಾನೂ ನನ್ನ ಗಂಡನೂ ಗೋವಾಕ್ಕೆ ಬಂದು ಕಲಂಗುಟ್ ಕಡೆಯ ಹೋಟೆಲ್ಲುಗಳಲ್ಲಿ ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸ ಹಿಡಿದೆವು. ಮಗಳು ಧಾರವಾಡದಲ್ಲಿ ನನ್ನ ಅವ್ವನ ಹತ್ತಿರವೇ, ಅವಳನ್ನು ಆಯಿ ಆಯಿ ಅನ್ನುತ್ತ ಬೆಳೆದಳು. ಆ ಮಗಳ ಮದುವೆ ಗೋವಾದಲ್ಲೇ ಪರ್ವರಿಯ ಹಾಲ್ ಒಂದರಲ್ಲಿ ಗೊತ್ತಾಗುವ ಹೊತ್ತಿಗೆ ಅವ್ವ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. "ತಾಳಿ ಕಟ್ಟೂದು ಕಣ್ಣಿಲೆ ನೋಡಬೇಕವ್ವಾ, ಅಷ್ಟ ಸಾಕು" ಅಂದಿದ್ದಳು.

ಮುಹೂರ್ತದ ಬೆಳಿಗ್ಗೆ ವಿಡಿಯೋ ಕರೆ ಹಚ್ಚಿದರೆ ಅವ್ವನ ಮುಖ ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಹಾಲ್‌ನೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಇಂಟರ್ನೆಟ್ ಲೈನೇನೋ ಚಲೋ ಇತ್ತು. ಆದರೆ ಮೇಲಿನ ಆಫೀಸಿನ ನೆಟ್‌ವರ್ಕ್ ಸ್ವಿಚ್ಚಿನಿಂದ, ಅಂದರೆ ಲೈನು ಹಂಚುವ ಡಬ್ಬಿಯಿಂದ, ಮಂಟಪದ ಹಿಂದಿನ ಹಳೇ ಸ್ವಿಚ್ಚಿಗೆ ಇದ್ದದ್ದು ಒಂದೇ ಕೇಬಲ್. ಬಂದ ಬೀಗರ ಫೋನುಗಳೆಲ್ಲ ವೈಫೈ ಹಿಡಿದು ಅದರೊಳಗೇ ನುಗ್ಗುತ್ತಿದ್ದವು. ಪಕ್ಕದಲ್ಲೇ ಇನ್ನೊಂದು ಕೇಬಲ್, ಮೇಲಿನ ತುದಿ ಸ್ವಿಚ್ಚಿನಲ್ಲೇ ಇದ್ದು, ಕೆಳಗೆ ಸುಮ್ಮನೆ ಬಿದ್ದಿತ್ತು. ಎರಡನ್ನೂ ಸೇರಿಸಿ ಒಂದೇ ದಾರಿ ಮಾಡುವುದು ನಮಗೆ ದಿನನಿತ್ಯದ ಕೆಲಸ. ಆದರೆ ಕೇಬಲ್ ಚುಚ್ಚುವ ಈ ಎರಡು ಪೋರ್ಟು ಒಂದೇ ಎಂದು ಎರಡೂ ಸ್ವಿಚ್ಚುಗಳಿಗೆ ಮೊದಲು ಹೇಳಿಕೊಡಬೇಕು.

ನಾನು ಮೇಲೆ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಹೆಣ್ಣಿನ ಅಪ್ಪನಾದ ನನ್ನ ಗಂಡನಿಗೆ ತಡೆಯಲಾಗಲಿಲ್ಲ, ಕೆಳಗೆ ಕೇಬಲ್ ಚುಚ್ಚಿಯೇ ಬಿಟ್ಟರು. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ತಿರುಗಿ ಬಂದು ಸುತ್ತತೊಡಗಿ, ಇಡೀ ಹಾಲ್‌ನ ನೆಟ್‌ವರ್ಕ್ ಮಲಗಿತು. ಅವ್ವ ಪೂರ್ತಿ ಮಾಯ.

"ರೀ, ಮೊದಲ ಅದನ್ನ ತಗೀರಿ. ಬ್ಯಾರೆಯವರ ಕೆಲಸದಾಗ ಹಿಂಗ ಮಾಡ್ತೀರೇನು?" ಮೆಟ್ಟಿಲಿನಿಂದಲೇ ರೇಗಿದೆ.

"ಬ್ಯಾರೆಯವರ ಕೆಲಸದಾಗ ನನ್ನ ಮಗಳು ಹಸಿಮಣಿ ಮ್ಯಾಲ ಕೂತಿರಂಗಿಲ್ಲಲ್ಲ" ಅಂದರು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಅವರು ಕೇಬಲ್ ತೆಗೆದರು. ನಾನು ಎರಡೂ ಕಡೆ ಪೋರ್ಟುಗಳನ್ನು ಒಂದು ಗುಂಪು ಮಾಡಿ, "ಈಗ ಹಚ್ರಿ" ಅಂದೆ. ಒಂದು ಕರೆ ಹೇಗಿದ್ದರೂ ಒಂದೇ ಕೇಬಲ್ಲಿನಲ್ಲಿ ಹೋಗುತ್ತದೆ. ಆದರೆ ಮಂದಿಯ ಫೋನುಗಳ ಗದ್ದಲ ಎರಡಕ್ಕೂ ಹಂಚಿಹೋಗಿ ಅವ್ವನಿಗೆ ಜಾಗ ಸಿಕ್ಕಿತು. ಮಂಗಳಾಷ್ಟಕದ ಹೊತ್ತಿಗೆ ಅವಳ ಮುಖದ ಸುಕ್ಕು ಕೂಡ ಸ್ವಚ್ಛ ಕಾಣುತ್ತಿತ್ತು. ನನಗೆ ಅಳು ಬಂತು.

ಅಳಿಯ ತಾಳಿ ಕಟ್ಟಿದ. ದಿಂಬಿಗೆ ಒರಗಿ ಕೂತಿದ್ದ ಅವ್ವ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಪಕ್ಕದಿಂದ ಏನನ್ನೋ ಮುಷ್ಟಿ ತುಂಬ ತೆಗೆದು, ತೊಡೆಯ ಮೇಲಿದ್ದ ಫೋನಿನತ್ತ ಎಸೆದಳು. ಹಳದಿ ಅಕ್ಕಿಕಾಳು. ಕ್ಯಾಮೆರಾ ಮುಚ್ಚಿಹೋಗಿ ನಮಗೆ ಮತ್ತೇನೂ ಕಾಣಲಿಲ್ಲ, ದನಿ ಮಾತ್ರ ಬಂತು.

"ಬಿದ್ದುವೇನವ್ವಾ, ನಿನ್ನ ತಲಿ ಮ್ಯಾಲ?"

ಮಗಳು ಫೋನಿನ ಮುಂದೆ ತಲೆ ಬಗ್ಗಿಸಿದಳು.

"ಬಿದ್ದುವು, ಆಯಿ" ಅಂದಳು.