ಕುದುರೆಯಿಂದ ಇಳಿದ ನಾಯಕ

ಇಸವಿ ಸಾವಿರದ ಒಂಬೈನೂರು ದಾಟಿ ನಾಲ್ಕೈದು ವರ್ಷ ಆಗಿತ್ತು. ಇಳಕಲ್ಲಿಗೆ ಪ್ಲೇಗು ಬಂದು ನಮ್ಮ ಓಣಿಯವರೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ನನಗೆ ಮದುವೆ ಆಗಿತ್ತು, ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಗುರಪ್ಪ ಸಣ್ಣವನಿದ್ದಾಗಲೇ ಸಾಲೆ ಬಿಟ್ಟು ಮಗ್ಗಕ್ಕೆ ಕೂತಿದ್ದ. ಹೀಗಾಗಿ ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ.

ಗುಡಿಸಲಲ್ಲಿ ಕೆಲಸವೇನಿರುತ್ತದೆ? ಮಧ್ಯಾಹ್ನ ಬೇವಿನ ಗಿಡದ ನೆರಳಲ್ಲಿ ನಾನು ಒಂದು ಕಾದಂಬರಿ ಓದಿ ಹೇಳುತ್ತಿದ್ದೆ. ಸೋದರಮಾವ ಬಾಗಲಕೋಟೆಯಿಂದ ತಂದುಕೊಟ್ಟ ಪುಸ್ತಕ. ಅದರ ನಾಯಕ ಯಾತಕ್ಕೂ ಅಂಜುವವನಲ್ಲ. ಅಂಜುವುದು, ಅಳುವುದು ಎಲ್ಲ ಹೆಂಗಸರ ಪಾಲು. ಅವರು ಮಾತುಮಾತಿಗೆ ಮೂರ್ಛೆ ಹೋಗುತ್ತಿದ್ದರು. ಅಣ್ಣನಿಗೆ ಆ ನಾಯಕನ ಹುಚ್ಚು ಹಿಡಿಯಿತು. ನಡೆಯುವ ಠೀವಿಯೇ ಬದಲಾಯಿತು.

ಒಂದು ದಿನ ಉಣ್ಣುತ್ತ ಅವ್ವನಿಗೆ ಹೇಳಿದ: "ಮಗ್ಗದ ಮ್ಯಾಲ ಸೀರಿ ಅರ್ಧಕ್ಕ ನಿಂತೈತಿ. ನಾಳಿ ಮನಿಗೆ ಹೋಗ್ತೇನಿ. ನೇದು ಮುಗಿಸೇ ಬರ್ತೇನಿ."

"ಬಾಜೂ ಮನ್ಯಾಗ ಇಲಿ ಸತ್ತು ಬಿದ್ದಾವೋ ಗುರಪ್ಪಾ. ಬ್ಯಾಡೋ ನನ್ನಪ್ಪಾ."

"ನಮ್ಮ ಮನ್ಯಾಗ ಬಿದ್ದಿಲ್ಲಲ್ಲ? ಇಲಿಗೆ ಅಂಜಿ ಕುಂದ್ರಾಕ ನಾ ಏನ್ ಕೈಯಾಗ ಬಳಿ ಇಟ್ಕೊಂಡೇನೇನು?"

ಅದು ಕಾದಂಬರಿಯ ನಾಯಕನ ಮಾತಿನ ಧಾಟಿಯೇ. ಅವ್ವ ಅತ್ತಳು, ನಾನು ಕೈ ಮುಗಿದೆ. ನಾವು ಬೇಡಿಕೊಂಡಷ್ಟೂ ಅವನು ಬಿಗಿಯಾದ.

ಅವತ್ತೇ ಓದುವಾಗ ಒಂದು ಸಂದರ್ಭ ಬಂತು. ನಾಯಕ ಶತ್ರುಗಳ ಕೋಟೆಗೆ ಒಬ್ಬನೇ ಹೊರಟಿದ್ದಾನೆ. ತಾಯಿ ಲಗಾಮು ಹಿಡಿದು ಅಳುತ್ತಾಳೆ. ಅವನು ಅವಳ ಕೈ ಕೊಡವಿ ಕುದುರೆ ಓಡಿಸುತ್ತಾನೆ. ಆ ಸಾಲಿಗೆ ಬಂದು ನಾನು ನಿಂತುಬಿಟ್ಟೆ. ಅಣ್ಣ ಬಾಯಿ ತೆರೆದು ಕೇಳುತ್ತಿದ್ದ. ನನಗೇನು ಹೊಳೆಯಿತೋ, ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಅದರಲ್ಲಿ ಇಲ್ಲದ್ದನ್ನು ಓದಿದೆ: "ತಾಯಿಯ ಮುಖ ನೋಡಿ ಅವನ ಕಾಲುಗಳು ನಡುಗಿದವು. 'ನನಗೂ ಅಂಜಿಕೆಯಾಗಿದೆ ತಾಯೀ' ಎಂದು ಕುದುರೆಯಿಂದ ಇಳಿದನು."

"ಇಳದನ?" ಅಣ್ಣ ಎದ್ದು ಕೂತ. "ಹಂಗ ಬರದಾರೇನು?"

"ಹೂಂ, ಹಂಗ ಬರದಾರ," ಅಂದೆ. ಲಗೂನ ಹಾಳೆ ತಿರುವಿದೆ.

ಪಕ್ಕದ ಗುಡಿಸಲಿನ ಹುಸೇನಸಾಬರೂ ಕೇಳುತ್ತ ಕೂತಿದ್ದರು. ಗರಡಿಮನೆಯ ಉಸ್ತಾದರು, ಅಣ್ಣನಿಗೆ ಕುಸ್ತಿ ಕಲಿಸಿದವರು. ಅವರು ನಕ್ಕರು.

"ಖರೇನ ಬರದಾನ ಬಿಡು. ಅಖಾಡಕ್ಕ ಇಳಿಯೂ ಮುಂದ ನನ್ನ ಕಾಲೂ ನಡಗ್ತಾವು. ಮಗಳಿಗೆ ಜ್ವರಾ ಏರಿದಾಗ ಗರಡಿಮನಿ ಬಾಗಲಾ ಹಾಕ್ಕೊಂಡು ಅತ್ತೇನಿ. ಈ ಬ್ಯಾನಿಗೂ ಅಂಜ್ತೇನಪಾ ಗುರಪ್ಪಾ. ಅಂಜಿದ್ದಕ್ಕ ಇಲ್ಲಿ ಬಂದು ಕುಂತೇನಿ."

ಅಣ್ಣ ಅವರ ತೋಳುಗಳನ್ನೇ ನೋಡುತ್ತ ಕೂತ. ಸಂಜೆ ಒಲೆಯ ಹತ್ತಿರ ಬಂದು ಮೆಲ್ಲಗೆ ಅಂದ: "ಸೀರಿ ಇರ್ಲಿ ಬಿಡವ್ವಾ. ನನಗೂ ಅಂಜಿಕಿ ಐತಿ." ಅವ್ವ ಅವನ ತಲೆ ಮೇಲೆ ಕೈ ಇಟ್ಟಳು, ಅಷ್ಟೇ.

ಮುಂದೆ ಸರಕಾರದ ಮಂದಿ ಮನೆಗಳ ಬಾಗಿಲು ತೆರೆದು ಔಷಧ ಹಾಕಲು ಬಂದರು. ನಮ್ಮ ಮಗ್ಗದ ಕುಣಿಯಲ್ಲಿ, ನೇಯುವಾಗ ಅಣ್ಣ ಕಾಲು ಇಳಿಬಿಡುವ ಜಾಗದಲ್ಲೇ, ಸತ್ತ ಇಲಿಗಳು ರಾಶಿ ಬಿದ್ದಿದ್ದವಂತೆ. ಸುದ್ದಿ ಕೇಳಿ ಅಣ್ಣ ತನ್ನ ಎರಡೂ ಕಾಲು ಮುಟ್ಟಿ ನೋಡಿಕೊಂಡ. ನಾನು ಗುಡಿಸಲ ಹಿಂದೆ ಹೋಗಿ ಅತ್ತೆ, ಅಳುತ್ತಲೇ ನಕ್ಕೆ.

ಬೇನೆ ಅಡಗಿ ಮನೆಗೆ ಮರಳಿದ ಮೇಲೆ ಅಣ್ಣನಿಗೆ ನಿಜ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದೇ ಬೇರೆ: "ಹಂಗಾರ ಅಂವ ಹೋಗೇಬಿಟ್ಟ ಅನ್ನು. ಅವರವ್ವ ಮುಂದ ಏನಾದಳು?"

ಪುಸ್ತಕ ತೆಗೆದು ಕೊನೆತನಕ ಹಾಳೆ ತಿರುವಿದೆ. ಆ ತಾಯಿಯ ಸುದ್ದಿ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ನಮ್ಮವ್ವ ಅಣ್ಣನನ್ನು ಊಟಕ್ಕೆ ಕೂಗಿದಳು. "ಬಂದ್ನಿ ಬೇ" ಅಂತ ಅವನು ಎದ್ದು ಹೋದ. ಅವಳು ಕೂಗಿದ್ದು, ಅವನು ಓಗೊಟ್ಟದ್ದು ಕೇಳಿ ಅವತ್ತು ನನ್ನ ಎದೆ ಎಷ್ಟು ಹಗುರಾಯಿತು ಅನ್ನುವುದನ್ನು ನಾನು ಇನ್ನೂ ಮರೆತಿಲ್ಲ.